ಮೊದಲ ಗುಂಡಿಯ ಗುರುತು

ಶಿವರಾತ್ರಿಯ ಮರುದಿನ ಬೆಳಿಗ್ಗೆ, ಬಿಸಿಲು ಚುರುಕಾಗುವ ಮೊದಲು, ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಗೋಮಾಳದಲ್ಲಿ, ಒಂಟಿ ಕಮರದ ಮರಕ್ಕೆ ಬೆನ್ನು ಮಾಡಿ ನಾನು ನಿಂತಿದ್ದೆ. ಕೈಯಲ್ಲಿ ಅಳತೆಯ ಹಗ್ಗದ ಒಂದು ತುದಿ ಇತ್ತು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ನನ್ನ ಮನೆಯವರೇ ಪೂರ್ತಿ ನಂಬಿಲ್ಲ.

ನಾನು ತ್ಯಾವಣಿಗೆಯ ಅಡಿಕೆ ಬೆಳೆಗಾರ. ಅಡಿಕೆಯವರಿಗೆ ಒಂದು ಕಾಯಿಲೆ ಇದೆ: ಖಾಲಿ ನೆಲ ಕಂಡರೆ ಕೈ ಹಗ್ಗ ಹುಡುಕುತ್ತದೆ. ಸಾಲು ನೇರ ಇರಬೇಕು, ಗುಂಡಿಯಿಂದ ಗುಂಡಿಗೆ ಅಂತರ ಒಂದೇ ಇರಬೇಕು. ಮದುವೆ ಮನೆಯಲ್ಲಿ ಊಟದ ಎಲೆ ಸೊಟ್ಟಗೆ ಹಾಕಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಇಂಥ ನನ್ನನ್ನೂ, ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಷಡ್ಡಕ ರುದ್ರಪ್ಪನನ್ನೂ ಆ ಊರಿನ ಪಂಚಾಯಿತಿ ಸದಸ್ಯೆ ಹನುಮಕ್ಕ ಕರೆಸಿದ್ದರು. ಗೋಮಾಳದ ಈ ಬೋಳು ಗುಡ್ಡವನ್ನು ಹಸಿರು ಮಾಡುತ್ತೇನೆಂದು ಓಟು ಕೇಳುವಾಗ ಅವರು ಮಾತು ಕೊಟ್ಟಿದ್ದರು. ಸಸಿಗಳಿಗೆ ಗುಂಡಿ ತೋಡಲು ಮರುದಿನವೇ ಜೆಸಿಬಿ ಬರುವುದಿತ್ತು. ಗುರುತು ಹಾಕುವುದನ್ನು ನೋಡಲು ಹನುಮಕ್ಕನೂ ನಮ್ಮ ಜೊತೆ ಬಂದಿದ್ದರು.

ಮೊಣಕಾಲೆತ್ತರದ ಒಣ ಹುಲ್ಲಿನ ಪಕ್ಕ ಒಂದು ಹಿಕ್ಕೆಯ ಗುಡ್ಡೆ ಕಂಡಿತು. ರುದ್ರಪ್ಪನ ಮುಖ ಅರಳಿತು.

"ಅಣ್ಣಾರೆ, ಗೊಬ್ಬರ ರೆಡಿ ಐತೆ. ಮೊದಲ್ನೇ ಗುಂಡಿ ಇಲ್ಲೇ ಹೊಡೆಸ್ರಿ."

ನನಗೂ ಅದೇ ಸರಿ ಎನ್ನಿಸಿತು. ಸುಣ್ಣದ ಗುರುತು ಹಾಕಿ ಹಗ್ಗ ಎಳೆದೆ. ಹಗ್ಗ ಹುಲ್ಲನ್ನು ಸವರಿದಾಗ ಒಳಗಿಂದ ಒಂದು ಪ್ರಾಣಿ ಎದ್ದಿತು. ಮೇಕೆಯಷ್ಟು ಎತ್ತರ, ಕಂದು ಮೈ, ಕೊಂಬಿಲ್ಲ. ಕಾಲ ಬಳಿ ಒಂದು ಮರಿ. ತಾಯಿ ನಮ್ಮನ್ನು ನೋಡಿ, ನೆಗೆದು ಪೊದೆ ಸೇರಿತು. ಮರಿ ಅಲ್ಲೇ ಕುಸಿದು ಹುಲ್ಲಿನಲ್ಲಿ ಕಾಣದಾಯಿತು. ನಾನು ಹಗ್ಗ ಕೆಳಗಿಟ್ಟೆ.

"ಯಾರದೋ ಮೇಕೆ," ಎಂದ ರುದ್ರಪ್ಪ.

"ಕೊಂಡುಕುರಿ," ಎಂದೆ.

"ಅದಕ್ಕೆ ನಾಲ್ಕು ಕೊಂಬು ಇರ್ತಾವೆ ಅಂತ ನೀವೇ ಹೇಳ್ತಿದ್ರಿ. ಇದಕ್ಕೆ ಒಂದೂ ಇಲ್ಲ. ರಾತ್ರಿ ಜಾಗರಣೆ ಮಾಡೀರಿ, ಕಣ್ಣಿಗೆ ಏನೇನೋ ಕಾಣ್ತಾವೆ."

"ಜಾಗರಣೆಗೆ ನೀವೂ ಕುಂತಿದ್ರಲ್ಲ," ಎಂದರು ಹನುಮಕ್ಕ. "ನಿಮಗೆ ಮೇಕೆ ಹೆಂಗೆ ಕಾಣ್ತು?"

ಕೊಂಡುಕುರಿ ಹೆಸರಿಗಷ್ಟೇ ಕುರಿ, ನೋಡಲು ಜಿಂಕೆಯಂಥ ಕಾಡುಪ್ರಾಣಿ; ಅದರಲ್ಲಿ ಕೊಂಬು ಗಂಡಿಗೆ ಮಾತ್ರ. ಆದರೂ ಜಾಗರಣೆಯ ಆರೋಪವನ್ನು ಹಗುರವಾಗಿ ಬಿಡುವಂತಿರಲಿಲ್ಲ. ಕಣ್ಣು ಕಂಡದ್ದನ್ನು ಬದಿಗಿಟ್ಟು ನೆಲವನ್ನು ನೋಡಿದೆ. ಮೇಕೆ ನಡೆಯುತ್ತಲೇ ಹಿಕ್ಕೆ ಉದುರಿಸುತ್ತ ಹೋಗುತ್ತದೆ. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುತ್ತದೆ. ಗುಡ್ಡೆಯ ಅಡಿಯಲ್ಲಿದ್ದ ಹಿಕ್ಕೆ ಬೆಳ್ಳಗೆ ಪುಡಿಯಾಗಿತ್ತು. ಮೇಲಿನದು ಕಪ್ಪಗೆ ಮಿರುಗುತ್ತಿತ್ತು. ಮೊದಲ ಗುಂಡಿಗೆ ನಾನು ಗುರುತು ಹಾಕಿದ್ದು ಒಂದು ಸಂಸಾರದ ಹಿತ್ತಲಿನಲ್ಲಿ.

ಕಂದಾಯದವರ ಮಾತಿನಲ್ಲಿ ಇಂಥ ನೆಲ ಖರಾಬು. ಉಳಲು ಬಾರದ್ದೆಲ್ಲ ಖರಾಬು. ಆದರೆ ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆ ಊರಿಲ್ಲದ ಪ್ರಾಣಿಯೊಂದು ಮರಿಯನ್ನು ಬಚ್ಚಿಡಲು ಆರಿಸಿಕೊಂಡದ್ದು ಆ ಖರಾಬನ್ನೇ. ಒತ್ತಾಗಿ ಮರ ನೆಟ್ಟರೆ ನೆರಳಿಗೆ ಹುಲ್ಲು ಸಾಯುತ್ತದೆ. ಹುಲ್ಲು ಹೋದರೆ ಮರಿಗೆ ಮರೆಯಿಲ್ಲ. ನೆಲವನ್ನು ಸುಧಾರಿಸುವ ಮೊದಲು ಅಲ್ಲಿ ಯಾರಿದ್ದಾರೆಂದು ವಿಚಾರಿಸಬೇಕು. ಅಪರೂಪದವರು ಇದ್ದರೆ ಅವರಿಗೆ ಬೇಕಾದದ್ದನ್ನು ಮೊದಲು ಬಿಟ್ಟು, ಆಮೇಲೆ ಹಗ್ಗ ಬಿಚ್ಚಬೇಕು. ಇದರಲ್ಲಿ ನನಗೀಗ ಸಂಶಯವಿಲ್ಲ.

ಇಲ್ಲಿ ಗುಂಡಿ ಬೇಡ, ಹುಲ್ಲು ಹೀಗೇ ಇರಲಿ ಎಂದೆ. ಸಂಕಟ ಹನುಮಕ್ಕನದು. "ಗಿಡ ಹಚ್ಚಾಕೆ ಬಂದೋರು ಹುಲ್ಲು ನೋಡಿ ಹೋದ್ರು ಅಂತ ಜನಕ್ಕೆ ಹೇಳ್ಲಾ? ಒಣ ಹುಲ್ಲಿನ ಮುಂದೆ ನಿಂತು ಫೋಟೊ ಹೆಂಗೆ ತೆಗೆಸ್ಲಿ?" ಎಂದರು. ಬಗ್ಗಿ, ಮರಿ ಅಡಗಿದ್ದ ಕಡೆಯ ಹುಲ್ಲಿನ ಒಂದು ಎಸಳು ಕಿತ್ತರು. ಆಮೇಲೆ, "ಮಳೆ ಬಂದ್ರೆ ಇದೂ ಹಸಿರೇ ಅಲ್ವೇನ್ರಿ," ಎಂದು ಜೆಸಿಬಿಯವನಿಗೆ ಫೋನ್ ಮಾಡಿ ಬರಬೇಡ ಎಂದರು. ನಾನು ಸುಣ್ಣದ ಗುರುತನ್ನು ಕಾಲಿನಿಂದ ಅಳಿಸಿದೆ.

ಸಸಿಗಳನ್ನು ಮುಂಗಾರಿನಲ್ಲಿ ಗುಡ್ಡದ ಕೆಳಗಿನ ಹಳ್ಳದ ದಂಡೆಗೆ, ಹಿಂದೆ ಮರಗಳಿದ್ದ ಕಡೆಗೇ ನೆಟ್ಟೆವು. ಹಳ್ಳ ತಿರುಗಿದಂತೆ ಸಾಲೂ ಸೊಟ್ಟಗೆ ತಿರುಗಿತು. ನನಗೆ ಕೆಲವು ದಿನ ನಿದ್ದೆ ಸರಿಯಾಗಿ ಬರಲಿಲ್ಲ.

ಇನ್ನು ಸಾಕ್ಷಿಗಳು. ರುದ್ರಪ್ಪ ಇದ್ದಾನೆ. ಅದು ಮೇಕೆ ಎಂದೇ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ. ಹೇಳಿ ಹೇಳಿ ಈಗ ಅದಕ್ಕೆ ಎರಡು ಕೊಂಬು ಬಂದಿವೆ, ಇನ್ನೆರಡಕ್ಕೆ ಕಾಯುತ್ತಿದ್ದೇನೆ. ಹನುಮಕ್ಕ ಇದ್ದಾರೆ. ಮೊನ್ನೆ ಫೋನ್ ಮಾಡಿ, "ಅದೇ ಹಳೇ ಗುಡ್ಡೆ ಮ್ಯಾಲೆ ಹೊಸ ಹಿಕ್ಕೆ ಬಿದ್ದಾವ್ರಿ. ಸಣ್ಣವೂ ಅದಾವೆ," ಎಂದರು. ಅಲ್ಲಿಗೆ, ಆ ಬೆಳಿಗ್ಗೆ ಒಬ್ಬರನ್ನೊಬ್ಬರು ಕಂಡ ಐವರೂ ಬದುಕಿದ್ದೇವೆ.