ಹಿಂಬದಿಯ ಮಾರ್ಕ್ಸ್

ತನ್ನ ಹೊಸ ಮನೆಯ ಗೋಡೆಗೆ ನನ್ನ ಕೈಕೆಲಸವೇ ಬೇಕೆಂದು ರಾಯಬಾಗದ ಮೊಮ್ಮಗಳು ಬಟ್ಟೆಗೆ ಚುಚ್ಚಿ ದಾರದ ಕುಣಿಕೆಗಳಿಂದ ಚಿತ್ರ ತುಂಬುವ ಪಂಚ್ ನೀಡಲ್ ತಂದುಕೊಟ್ಟಳು. ನಾನು ಓದಿದ ಕಾನ್ವೆಂಟಿನಲ್ಲಿ ಕಸೂತಿ ಕಲಿಸುವ ಸಿಸ್ಟರ್ ಬಟ್ಟೆ ತಿರುವಿ, ಹಿಂಬದಿ ನೀಟಾಗಿದ್ದರಷ್ಟೇ ಮಾರ್ಕ್ಸ್ ಕೊಡುತ್ತಿದ್ದರು. ಆ ಅಭ್ಯಾಸಕ್ಕೆ ಪ್ರತಿ ಹೊಲಿಗೆಗೂ ದಾರ ಬಿಗಿದೆ. ಈ ಸೂಜಿಗೆ ಗಂಟೇ ಇಲ್ಲ, ದಾರ ಸಡಿಲ ಬಿಟ್ಟರೆ ಮಾತ್ರ ಕುಣಿಕೆ ನಿಲ್ಲುತ್ತದೆ. ನಾನು ಎಳೆದಂತೆಲ್ಲ ಬಟ್ಟೆಯ ಮೇಲೆ ಮೂಡಿಸಿದ್ದ ಹೂವು ಬಿಚ್ಚಿಹೋಯಿತು.

ಪಕ್ಕದಲ್ಲಿ ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದ ವೈನಿ, ನನ್ನ ಅಣ್ಣನ ಹೆಂಡತಿ, ನಕ್ಕರು. ಶಾಲೆ ಕಾಣದ ಅವರ ಕೌದಿಯನ್ನು ನಾನು ಜೀವನವಿಡೀ ‘ರಫ್ ವರ್ಕ್’ ಎಂದವಳು.

“ಜಗ್ಗಬ್ಯಾಡ ಬೇ! ನಿಮ್ಮ ಸಿಸ್ಟರ್ ಈಗ ಬಂದು ನೋಡಂಗಿಲ್ಲ. ಕೊಡ ಇತ್ಲಾಗ.”

ಎರಡೇ ದಿನದಲ್ಲಿ ಅವರ ಕೈಯಲ್ಲಿ ಹೂವು ತುಂಬಿ ನಿಂತಿತು.

ಮೊಮ್ಮಗಳು ಬಂದು ನನ್ನನ್ನು ತಬ್ಬಿಕೊಂಡಳು. “ಅಜ್ಜಿ, ಎಷ್ಟ ಬ್ಯೂಟಿಫುಲ್ ಮಾಡೀರಿ!”

ವೈನಿ ತಲೆ ಎತ್ತದೆ ಕೌದಿ ಮಡಚಿದರು. ನಾನು ಥ್ಯಾಂಕ್ಯೂ ಎಂದೆ.