ಶಹನಾಜಳ ಹೆಸರಿನ ಚುಕ್ಕಿ

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಸೂರಿನ ಒಂದು ಮುದ್ರಣಾಲಯವಿತ್ತು. ಎಪ್ಪತ್ತರ ದಶಕದಲ್ಲಿ ನಾನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಸೀಸದ ಅಕ್ಷರಗಳನ್ನು ತಲೆಕೆಳಗಾಗಿ ಓದುವ ವಿದ್ಯೆ ಒಮ್ಮೆ ಕೈಹತ್ತಿತೆಂದರೆ, ಗೆಳೆಯಾ, ಜಗತ್ತಿನಲ್ಲಿ ನಮಗೆ ಬಾರದ ಬರಹವೇ ಇಲ್ಲವೆಂಬ ಅಮಲೊಂದು ಏರುತ್ತದೆ. ಇಪ್ಪತ್ತಮೂರರ ನನಗೆ ಅದು ಚೆನ್ನಾಗಿಯೇ ಏರಿತ್ತು.

ಮಾಲಕರು ಗುರುಲಿಂಗಪ್ಪನವರು ಸೊಲ್ಲಾಪುರದಿಂದ ಒಂದು ಪೆಟ್ಟಿಗೆ ಉರ್ದು ಮೊಳೆ ತಂದ ವಾರವೇ ಉರ್ದು ಸಾಲಿಯ ಖಾದರ್ ಮಾಸ್ತರರು ಮಗಳ ಮದುವೆಯ ಕಾರ್ಡು ಮಾಡಿಸಲು ಬಂದರು. ಮುದ್ದೇಬಿಹಾಳದ ಬೀಗರು ‘ಖಾದರರ ಮಗಳು’ ಎಂದಷ್ಟೇ ಇದ್ದರೆ ಸಾಕೆಂದಿದ್ದರಂತೆ. ಮಗಳ ಹೆಸರೂ ಕಾರ್ಡಿನಲ್ಲಿರಲೇಬೇಕೆಂದು ಮಾಸ್ತರರು ವಾದಿಸಿ ವಾದಿಸಿ ಒಪ್ಪಿಸಿದ್ದರು.

“ಹೆಸರಿಟ್ಟಾವ ನಾ. ಬಚ್ಚಿಡಾಕ ಇಟ್ಟಿಲ್ಲ. ಶಹನಾಜ್ ಅಂತ ಛಂದಂಗ ಬರಬೇಕು ನೋಡಪಾ,” ಎಂದು ತಾವೇ ಬರೆದ ಕಾಗದವನ್ನು ಕೈಗಿತ್ತರು.

ಉರ್ದುವಿನ ಅಕ್ಷರ ಬಹುರೂಪಿ. ಪದದ ಮೊದಲಿಗೊಂದು ವೇಷ, ನಡುವಿಗೊಂದು, ತುದಿಗೊಂದು, ಒಂಟಿಯಾದರೆ ಬೇರೊಂದು. ಮೇಲಾಗಿ ನಡಿಗೆ ಬಲದಿಂದ ಎಡಕ್ಕೆ. ಇದೊಂದನ್ನೂ ಅರಿಯದ ನಾನು ಒಂಟಿ ರೂಪಗಳನ್ನೇ ಹೆಕ್ಕಿ, ಎಡದಿಂದ ಜೋಡಿಸಿ ಕರಡು ತೆಗೆದೆ. ಮಾಸ್ತರರು ಕನ್ನಡಕವೇರಿಸಿ ನೋಡಿದರು.

“ಇವೆಲ್ಲಾ ಜಗಳಾಡಿದವ್ರಂಗ ದೂರದೂರ ನಿಂತಾವಲ್ಲೋ. ಕೈ ಹಿಡಸು,” ಎಂದು, ಯಾವುದು ಯಾವುದರ ಕೈ ಹಿಡಿಯುತ್ತದೆಂದು ಕೂತು ತೋರಿಸಿಕೊಟ್ಟರು.

ಎರಡು ದಿನದ ಹೆಣಗಾಟದ ಮೇಲೆ ಅಕ್ಷರಗಳು ಸರಪಳಿಯಾಗಿ ಕೂಡಿಕೊಂಡಾಗ ಆ ಹಿಗ್ಗಿನಲ್ಲಿ, ಮತ್ತೊಂದು ಕರಡನ್ನು ಅವರಿಗೆ ತೋರಿಸದೆಯೇ ಇನ್ನೂರು ಕಾರ್ಡು ಅಚ್ಚು ಹಾಕಿಬಿಟ್ಟೆ.

ಮರುದಿನ ಅಪ್ಪ, ಮಗಳು ಇಬ್ಬರೂ ಬಂದರು. ಶಹನಾಜ್ ಕಾರ್ಡು ಓದಿದಳು. ಸೆರಗು ಬಾಯಿಗೆ ಹೋಯಿತು, ಭುಜಗಳು ಕುಲುಕತೊಡಗಿದವು.

“ಅಬ್ಬಾ,” ಎಂದು ಅಪ್ಪನತ್ತ ತಿರುಗಿದಳು, “ನಾ ಶಹಬಾಜ್ ಆಗೇನಿ. ಬೀಗರ ಮನಿಗೆ ಇಬ್ಬರು ಮದುಮಕ್ಕಳು, ಇಬ್ಬರೂ ಗಂಡಸರು.”

ಪದದ ನಡುವೆ ‘ನ’ಕ್ಕೂ ‘ಬ’ಕ್ಕೂ ಒಂದೇ ಆಕಾರ, ಚುಕ್ಕಿ ಮೇಲಿದ್ದರೆ ನ, ಕೆಳಗಿದ್ದರೆ ಬ. ತಲೆಕೆಳಗಾಗಿ ಹಿಡಿದ ಮೊಳೆಯಲ್ಲಿ ಕೆಳಗಿನ ಚುಕ್ಕಿ ಮೇಲೆ ಕಂಡಿತ್ತು. ಮಾಸ್ತರರು ಹುಬ್ಬು ಗಂಟಿಕ್ಕಿ ಕಾರ್ಡನ್ನು ಕೆಳಗಿಟ್ಟರು. ಅಷ್ಟು ಕಾದಾಡಿ ಗಳಿಸಿದ ಹೆಸರು ನನ್ನ ಅವಸರದಲ್ಲಿ ಗಂಡಸಿನದಾಗಿತ್ತು. ನನ್ನ ಅಮಲು ಇಳಿಯಿತು.

“ಬ್ಲೇಡ್ ಐತೇನ್ರಿ? ಮಸಿ ಪೆನ್ನು ಕೊಡ್ರಿ,” ಎಂದಳು ಶಹನಾಜ್. “ನನ್ನ ಚುಕ್ಕಿ ನಾನ ಇಡ್ತೇನಿ.”

ಕಾಗದದ ಕಟ್ಟಿನ ಮೇಲೆ ಕುಳಿತಳು. ನಾನು ಕೆಳಗಿನ ಚುಕ್ಕಿ ಕೆರೆಯುವುದು, ಅವಳು ಮೇಲೊಂದು ಇಡುವುದು. ಹತ್ತಾರು ಕಾರ್ಡಿಗೊಮ್ಮೆ ಅವಳಿಗೆ ನಗು ಉಕ್ಕಿ ಪೆನ್ನು ನಡುಗುವುದು; ಅದನ್ನು ಕಂಡು ನಮ್ಮ ಗಂಭೀರ ಮಾಲಕರೂ ಮುಖ ತಿರುಗಿಸಿ ನಗುವುದು. ಕೊನೆಗೆ ಮಾಸ್ತರರೇ ಸೋತರು. ಕಣ್ಣೀರು ಬರುವಷ್ಟು ನಕ್ಕು, ಮಸಿ ಒಣಗಲೆಂದು ಕಾರ್ಡುಗಳಿಗೆ ಗಾಳಿ ಹಾಕುತ್ತ ನಿಂತರು. ಸಂಜೆಯ ಬಸ್ಸಿಗೆ ಇನ್ನೂರು ಶಹನಾಜರು ಮುದ್ದೇಬಿಹಾಳಕ್ಕೆ ಹೊರಟರು.

ಮದುವೆ ಸುಸೂತ್ರವಾಗಿ ನಡೆಯಿತು. ಆಮೇಲೆ ನಾನೇ ಮಾಸ್ತರರ ಮನೆಗೆ ಹೋಗಿ ಉರ್ದುವಿನ ಮೊದಲಕ್ಷರ ಅಲಿಫಿನಿಂದ ಕಲಿಯತೊಡಗಿದೆ. ಕೆಲವು ತಿಂಗಳ ಬಳಿಕ ಪೇಟೆಯಲ್ಲಿ ನಡೆಯುತ್ತಿದ್ದಾಗ, ವರ್ಷಗಟ್ಟಲೆ ನಾನು ಬಳ್ಳಿಯ ಚಿತ್ತಾರವೆಂದುಕೊಂಡಿದ್ದ ಅಂಗಡಿಯ ಹಲಗೆಯೊಂದು ಇದ್ದಕ್ಕಿದ್ದಂತೆ ಮಾತಾಡಿತು. ನಡುಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಿಬಿಟ್ಟೆ: “ಸೈಕಲ್ ಬಾಡಿಗೆಗೆ ಸಿಗುತ್ತವೆ.”

ಅಂಗಡಿಯವನು ತಲೆಯೆತ್ತಿ, “ಯಾವುದು ಬೇಕ್ರಿ?” ಎಂದ.

ನನಗೆ ಹೋಗಬೇಕಾದ ಊರು ಯಾವುದೂ ಇರಲಿಲ್ಲ. ಆದರೂ ಒಂದು ಸೈಕಲ್ ತಗೊಂಡು ಇಂಡಿ ರಸ್ತೆ ಹಿಡಿದು, ಗಂಟೆ ಬಾರಿಸುತ್ತ ಹೊರಟೆ.