ದಮಯಂತಿ ಮೇಡಂ ಬೇಡವೆಂದ ಹುದ್ದೆ

ಆ ದಿನ ನರ್ಸಿಂಗ್ ಕಾಲೇಜಿನಲ್ಲಿ ಬಿಪಿ ನೋಡುವ ಪಾಠವಿತ್ತು. ಕಲಿಸಬೇಕಾಗಿದ್ದ ಟ್ಯೂಟರ್ ಹೆರಿಗೆ ರಜೆಯಲ್ಲಿದ್ದುದರಿಂದ ಹಂಗಾಮಿ ಪ್ರಿನ್ಸಿಪಾಲ್ ದಮಯಂತಿಯೇ ಆಫೀಸಿನಿಂದ ಎದ್ದು ಲ್ಯಾಬಿಗೆ ಬಂದಿದ್ದಳು. ಮೊದಲ ವರ್ಷದ ಹುಡುಗಿಯರು ಇಬ್ಬಿಬ್ಬರಾಗಿ ಕೂತು ಒಬ್ಬರ ತೋಳಿಗೆ ಒಬ್ಬರು ಪಟ್ಟಿ ಸುತ್ತುತ್ತಿದ್ದರು. ಮೋನಿಷಾ ಎಂಬ ಹುಡುಗಿಗೆ ಜೋಡಿ ಸಿಗಲಿಲ್ಲ. ದಮಯಂತಿ ಅವಳ ಎದುರು ಸ್ಟೂಲಿನ ಮೇಲೆ ಕೂತು ತೋಳು ಚಾಚಿದಳು.

ಮೋನಿಷಾ ಗಾಳಿ ಒತ್ತಿದಳು, ಬಿಟ್ಟಳು, ಕಿವಿಗೊಟ್ಟು ಕೇಳಿದಳು. ಮುಖ ಸಣ್ಣದು ಮಾಡಿಕೊಂಡು ಮತ್ತೊಮ್ಮೆ ಒತ್ತಿದಳು. ಆಮೇಲೆ ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ಅದರ ತುದಿಯನ್ನು ದುಪಟ್ಟಾದಿಂದ ಒರೆಸತೊಡಗಿದಳು.

"ನಂಗೆ ಸರಿ ಕೇಳ್ತಾ ಇಲ್ಲ ಮ್ಯಾಮ್. ತಪ್ಪು ಬರ್ತಾ ಉಂಟು."

"ಎಷ್ಟು ಬಂತು, ಹೇಳು."

"ಬೇಡ ಮ್ಯಾಮ್. ತಪ್ಪದು."

"ಬಂದದ್ದನ್ನು ಹೇಳ್ಬೇಕು. ಸರಿಯೋ ತಪ್ಪೋ ಆಮೇಲೆ ನೋಡುವ."

ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. ಮೇಲಿನ ಅಂಕಿ ನೂರ ಎಪ್ಪತ್ತು ದಾಟಿತ್ತು. ದಮಯಂತಿ, "ನೀನು ಸರಿಯಾಗೇ ಕೇಳಿದ್ದೀ," ಎಂದಳು. ಪಟ್ಟಿ ಬಿಚ್ಚಿ ಅವಳ ಕೈಗೆ ಕೊಟ್ಟು, ಏನೂ ಆಗದವಳಂತೆ ಮುಂದಿನ ಜೋಡಿಯ ಹತ್ತಿರ ಹೋದಳು. ರಾತ್ರಿ ನಿದ್ದೆ ಬಾರದ್ದು, ಬೆಳಿಗ್ಗೆ ಎದ್ದರೆ ಕತ್ತಿನ ಹಿಂದೆ ಹಿಡಿದುಕೊಳ್ಳುವುದು, ಫೋನು ರಿಂಗಾದರೆ ಎದೆ ಹೊಡೆದುಕೊಳ್ಳುವುದು, ಇವೆಲ್ಲ ಏನೆಂದು ಇಷ್ಟು ದಿನ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಬೇರೆ ಯಾರಾದರೂ ಹೀಗೆ ಬಂದು ಹೇಳಿಕೊಂಡಿದ್ದರೆ ಅವತ್ತೇ ಡಾಕ್ಟರ ಹತ್ತಿರ ಅಟ್ಟುತ್ತಿದ್ದಳು.

ದಮಯಂತಿಯ ತವರು ಭಾಗಮಂಡಲದ ಹತ್ತಿರ. ನಾಲ್ಕು ಹೆಣ್ಣುಮಕ್ಕಳ ಮನೆಯಲ್ಲಿ ಮೂರನೆಯವಳು. ಚಿಕ್ಕಂದಿನಿಂದ ಟೀಚರಾಗಬೇಕೆಂಬ ಆಸೆ ಇತ್ತು. ಟೀಚರ್ ಟ್ರೈನಿಂಗಿಗೆ ಸೀಟು ಸಿಗಲಿಲ್ಲ, ಮಂಗಳೂರಿನಲ್ಲಿ ನರ್ಸಿಂಗಿಗೆ ಸಿಕ್ಕಿತು. ಅತ್ತುಕೊಂಡೇ ಹೋದಳು. ಮೊದಲ ಹೆರಿಗೆ ನೋಡಿದ ದಿನ ತಲೆ ತಿರುಗಿ ಬಿದ್ದು, ಗರ್ಭಿಣಿಯ ಬದಲು ಇವಳಿಗೇ ಗ್ಲೂಕೋಸ್ ನೀರು ಕುಡಿಸಬೇಕಾಯಿತು. ಊರಿಗೆ ವಾಪಸು ಹೋಗುತ್ತೇನೆಂದು ಪೆಟ್ಟಿಗೆ ಕಟ್ಟಿದವಳನ್ನು ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಕರೆದು, ಆಪರೇಷನ್ ಆಗಿ ಮಲಗಿದ್ದ ಒಬ್ಬ ಮೀನುಗಾರ ಹೆಂಗಸಿನ ಪಕ್ಕ ಕೂರಿಸಿ, "ಏನೂ ಮಾಡಬೇಡ, ಇವರ ಜೊತೆ ಮಾತಾಡ್ತಾ ಇರು" ಅಂದರು. ಅವತ್ತು ಸಂಜೆಯವರೆಗೂ ಕೂತು ಮಾತಾಡಿದಳು. ಪೆಟ್ಟಿಗೆ ಬಿಚ್ಚಿ ಸೀರೆಗಳನ್ನು ಮತ್ತೆ ಕಪಾಟಿಗೆ ಸೇರಿಸಿದ್ದು ಆ ದಿನವೇ.

ಓದು ಮುಗಿಸಿ ಕೊಡಗಿಗೆ ಮರಳಿದ ಮೇಲೆ ಚೆಟ್ಟಳ್ಳಿಯ ವಸಂತನನ್ನು ಮದುವೆಯಾದಳು. ಅವನಿಗೆ ಸ್ವಲ್ಪ ಕಾಫಿ ತೋಟ, ನಡುವೆ ಒಂದಿಷ್ಟು ಕರಿಮೆಣಸು. ಆಸ್ಪತ್ರೆಯ ಕೆಲಸ ಮಾಡುತ್ತಲೇ ಮುಂದಿನ ಡಿಗ್ರಿಗಳನ್ನೂ ಮಾಡಿಕೊಂಡಳು. ಹಳೆಯ ಕಾಫಿ ಗೋದಾಮೊಂದನ್ನು ಸರಿಪಡಿಸಿ ಟ್ರಸ್ಟೊಂದು ನರ್ಸಿಂಗ್ ಕಾಲೇಜು ತೆರೆದಾಗ ಅಲ್ಲಿಗೆ ಸೇರಿದಳು. ಟೀಚರಾಗುವ ಆಸೆ ಹೀಗೆ ಸುತ್ತು ದಾರಿಯಲ್ಲಿ ಕೈಗೂಡಿತ್ತು. ಅವಳ ನಿಜವಾದ ಕ್ಲಾಸ್‌ರೂಮು ಮಾತ್ರ ಮಡಿಕೇರಿಯ ಆಸ್ಪತ್ರೆಯ ವಾರ್ಡು. ಬೆಳಿಗ್ಗೆ ಕಾಲೇಜಿನ ವ್ಯಾನಿನಲ್ಲಿ ಮಕ್ಕಳ ಜೊತೆ ಹೋಗಿ, ಮಂಚದಿಂದ ಮಂಚಕ್ಕೆ ನಡೆಯುತ್ತ, ತೋಟದ ಕೂಲಿಗಳ ಲೈನ್‌ಮನೆಯಿಂದ ಬಂದ ತಮಿಳು ಹೆಂಗಸಿಗೆ ತಮಿಳಲ್ಲಿ, ಸಿದ್ದಾಪುರ ಕಡೆಯ ಮುದುಕನಿಗೆ ಮಲಯಾಳದಲ್ಲಿ ಕುಶಲ ಕೇಳುತ್ತ ಕಲಿಸುವುದು. ಎರಡೂ ಭಾಷೆ ಅವಳಿಗೆ ಅರ್ಧಂಬರ್ಧವೇ. ಅವಳ ತಪ್ಪು ಮಲಯಾಳ ಕೇಳಿ ಕೇರಳದ ವಿದ್ಯಾರ್ಥಿನಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ರೋಗಿಗಳೂ ನಗುತ್ತಿದ್ದರು. ನಕ್ಕ ರೋಗಿ ಸೂಜಿಗೆ ಕೈ ಕೊಡುತ್ತಾನೆ ಎನ್ನುವುದು ಅವಳ ಲೆಕ್ಕ.

ಹಳೆಯ ಪ್ರಿನ್ಸಿಪಾಲರು ಮಂಡಿ ಆಪರೇಷನ್ ಮಾಡಿಸಿಕೊಂಡು ನಿವೃತ್ತಿ ತೆಗೆದುಕೊಂಡದ್ದು ಹಿಂದಿನ ವರ್ಷ. ಬೇರೆಯವರು ಸಿಗುವ ತನಕ ನೀವು ನೋಡಿಕೊಳ್ಳಿ ಎಂದು ಎಲ್ಲರಿಗಿಂತ ಹಿರಿಯಳಾದ ದಮಯಂತಿಯನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಯಾರೂ ಸಿಗಲಿಲ್ಲ. ಅವಳು ವಾರ್ಡಿಗೆ ಹೋಗುವುದು ಮೊದಲು ವಾರಕ್ಕೊಮ್ಮೆಯಾಯಿತು, ಆಮೇಲೆ ನಿಂತೇಹೋಯಿತು. ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂತರೆ ಯೂನಿವರ್ಸಿಟಿಯ ಪೋರ್ಟಲ್ಲು, ಮಧ್ಯಾಹ್ನ ಹಾಸ್ಟೆಲ್ ವಾರ್ಡನ್ನಿನ ಜಗಳ, ಸಂಜೆ ಇನ್‌ಸ್ಪೆಕ್ಷನ್ನಿನ ತಯಾರಿ. ತಪ್ಪು ಮಾಡಿದಳೆಂದೇನೂ ಅಲ್ಲ. ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಅದೇ ತೊಂದರೆಯಾಯಿತು. ಇನ್ನು ಹುಡುಕುವುದು ಬೇಡ, ಇವರನ್ನೇ ಕಾಯಂ ಮಾಡೋಣ ಎಂದು ಟ್ರಸ್ಟಿನ ಅಧ್ಯಕ್ಷ ತೀರ್ಥಪ್ರಸಾದರು ತೀರ್ಮಾನಿಸಿಬಿಟ್ಟರು. ಶನಿವಾರದ ಯೋಜನಾ ಸಭೆಯಲ್ಲಿ ಹೆಸರು ಹೇಳುತ್ತೇನೆಂದು ಅವರು ಫೋನಿನಲ್ಲಿ ತಿಳಿಸಿದಾಗ ದಮಯಂತಿ 'ಸರಿ ಸಾರ್' ಎಂದುಬಿಟ್ಟಿದ್ದಳು. ವಸಂತ ಅದೇ ದಿನ ಚೆಟ್ಟಳ್ಳಿಯ ಅರ್ಧ ಜನಕ್ಕೆ ಸುದ್ದಿ ಮುಟ್ಟಿಸಿದ್ದ.

ಬಿಪಿ ಪಾಠ ನಡೆದದ್ದು ಗುರುವಾರ. ಡಾಕ್ಟರಿಗೆ ತೋರಿಸಿ, ಮಾತ್ರೆ ತೆಗೆದುಕೊಂಡು ಅವಳು ಮನೆ ತಲುಪುವಾಗ ಸಂಜೆಯ ಬಿಸಿಲು ಇನ್ನೂ ಇತ್ತು. ವಸಂತ ತೋಟದಲ್ಲಿ ಸ್ಪ್ರಿಂಕ್ಲರಿನ ಪೈಪು ಬದಲಿಸುತ್ತಿದ್ದ. ಈ ನೀರು ಬಿದ್ದರೆ ಮುಂದಿನ ವಾರ ಕಾಫಿ ಹೂ ಬರುತ್ತದೆ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಒದ್ದೆ ಮಣ್ಣಿನಲ್ಲಿ ಅವನಿದ್ದಲ್ಲಿಗೇ ನಡೆದಳು.

"ಎಂತ ಆತ್?" ಅವನು ತಲೆಯೆತ್ತಿ ಮನೆಮಾತಾದ ಅರೆಭಾಷೆಯಲ್ಲಿ ಕೇಳಿದ.

"ನಂಗೆ ಆ ಪ್ರಿನ್ಸಿಪಾಲ್ ಕೆಲ್ಸ ಬೇಡ."

ಅವನು ಪೈಪು ಕೆಳಗಿಟ್ಟ. ಅವಳು ಬಿಪಿಯ ಸಂಗತಿ ಹೇಳಿದಳು. ಹೇಳುತ್ತ ಹೇಳುತ್ತ, ತಾನು ಈ ಮಾತಿಗೆ ಎಷ್ಟು ಹೆದರಿದ್ದೆ ಎಂಬುದು ಅವಳಿಗೇ ಗೊತ್ತಾಯಿತು. ಹೆಂಡತಿ ಪ್ರಿನ್ಸಿಪಾಲ್ ಎಂದು ಹೇಳಿಕೊಳ್ಳುವಾಗ ವಸಂತನ ಬೆನ್ನು ನೇರವಾಗುವುದನ್ನು ಅವಳು ಕಂಡಿದ್ದಳು.

"ನೀವು ಊರಿಗೆಲ್ಲ ಹೇಳಿ ಆಗುಟ್ಟು," ಎಂದಳು ಕೊನೆಗೆ.

"ಹೇಳಿದವ ನಾನ್. ಅಲ್ಲ ಅಂತ ಹೇಳಿಕೆನೂ ನಂಗೆ ಬಾಯಿ ಉಟ್ಟು." ಅವನು ಕೈಯ ಕೆಸರನ್ನು ಲುಂಗಿಗೆ ಒರೆಸಿಕೊಂಡ. "ನೀನ್ ನೆಗಾಡ್ದು ಕಾಣದೆ ಎಷ್ಟ್ ತಿಂಗ ಆತ್ ಗೊತ್ತುಟ್ಟಾ? ನಿಂಗೆ ಇಷ್ಟ ಇರುದುಂತ ನಾ ಸುಮ್ಮನಿದ್ದೆ."

ದಮಯಂತಿ ಚಪ್ಪಲಿಯನ್ನು ಬದಿಗಿಟ್ಟಳು. ಅವನು ಎತ್ತಿಕೊಂಡ ಪೈಪಿನ ಇನ್ನೊಂದು ತುದಿಯನ್ನು ಹಿಡಿದಳು. ಇಬ್ಬರೂ ಅದನ್ನು ಮುಂದಿನ ಸಾಲಿಗೆ ಸಾಗಿಸಿದರು.

ಆದರೂ ಒಂದು ಪ್ರಶ್ನೆ ಉಳಿದೇ ಇತ್ತು. ತಾನು ಒಲ್ಲೆನೆಂದರೆ ಕಾಲೇಜಿನ ಗತಿ ಏನು? ಕಾಯಂ ಪ್ರಿನ್ಸಿಪಾಲರಿಲ್ಲದಿದ್ದರೆ ಮುಂದಿನ ವರ್ಷದ ಸೀಟುಗಳಿಗೇ ಕುತ್ತು. ಶುಕ್ರವಾರ ಬೆಳಿಗ್ಗೆ ಅದೇ ಚಿಂತೆಯಲ್ಲಿ ಸ್ಟಾಫ್‌ರೂಮಿಗೆ ಹೋದಾಗ ಅಲ್ಲಿ ಶಿವಪ್ರಕಾಶ್ ಒಬ್ಬನೇ ಕೂತಿದ್ದ. ಸಮುದಾಯ ಆರೋಗ್ಯದ ಮೇಷ್ಟ್ರು, ಕುಶಾಲನಗರದ ಹತ್ತಿರದವನು. ಅವನ ತಾತ ಹಾಸನ ಕಡೆಯಿಂದ ಬಂದು ಅಲ್ಲಿ ಜಮೀನು ಮಾಡಿದವರು. ಓದಿನಲ್ಲಿ ಅವಳಷ್ಟೇ, ಸರ್ವೀಸಿನಲ್ಲಿ ಸ್ವಲ್ಪ ಕಡಿಮೆ. ಮೇಜಿನ ಮೇಲೆ ದೊಡ್ಡ ಚಾರ್ಟ್ ಹಾಳೆ ಹರಡಿಕೊಂಡು ಬಣ್ಣದ ಪೆನ್ನಿನಲ್ಲಿ ಏನೋ ಬರೆಯುತ್ತಿದ್ದ.

"ಏನಿದು ಶಿವಪ್ರಕಾಶ್?"

"ಮುಂದಿನ ವರ್ಷದ್ದು ಮೇಡಂ. ಸುಮ್ನೆ ಹಾಕಿ ನೋಡ್ದೆ." ಅವನು ಸಂಕೋಚದಿಂದ ಹಾಳೆಯನ್ನು ಅವಳ ಕಡೆ ತಿರುಗಿಸಿದ. ಯಾವ ತಂಡ ಯಾವಾಗ ಆಸ್ಪತ್ರೆಗೆ, ಯಾವಾಗ ಪೊನ್ನಂಪೇಟೆ ಕಡೆಯ ಹಳ್ಳಿಗಳಿಗೆ, ಮಳೆ ಜೋರಿದ್ದಾಗ ಭಾಗಮಂಡಲದ ಕಡೆ ವ್ಯಾನು ಕಳಿಸದೆ ಆ ತಿಂಗಳು ಏನು ಮಾಡುವುದು, ಎಲ್ಲ ಇತ್ತು. ಫಾರ್ಮಕಾಲಜಿಯ ಸುದೀಪನಿಗೆ ಸರ್ಕಾರಿ ಕೆಲಸ ಸಿಕ್ಕಿದೆ ಎಂಬ ಸುದ್ದಿ ಬಂದು ಎರಡು ದಿನವಾಗಿರಲಿಲ್ಲ. ಅವನ ಪಾಠಗಳನ್ನು ಯಾರಿಗೆ ಹಂಚುವುದೆಂಬುದೂ ಅಲ್ಲಿತ್ತು. ದಮಯಂತಿ ಇದನ್ನೇ ಮಾಡಲು ಕೂತು ಮೂರು ಬಾರಿ ಎದ್ದುಹೋಗಿದ್ದಳು.

"ನಿಮಗೆ ಈ ಕೆಲಸ ಬೇಜಾರಾಗಲ್ವಾ?"

"ಇಲ್ಲ ಮೇಡಂ. ಎಲ್ಲಾ ಸರಿಯಾಗ್ ಕೂತ್ಕೊಂಡ್ರೆ ಒಂಥರಾ ಸಮಾಧಾನ ಆಯ್ತದೆ ನಂಗೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಒಂದು ಕೇಳ್ತೇನೆ, ಇದ್ದದ್ದನ್ನೇ ಹೇಳಬೇಕು. ಪ್ರಿನ್ಸಿಪಾಲ್ ಆಗಿ ಅಂದ್ರೆ ಆಗ್ತೀರಾ?"

ಶಿವಪ್ರಕಾಶ್ ಪೆನ್ನಿನ ಮುಚ್ಚಳ ಹಾಕಿದ. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. "ನೀವಿರುವಾಗ ಆ ಮಾತೇನ್ ಮೇಡಂ."

"ನಾನು ಇರುವುದಿಲ್ಲ ಅಂತ ಇಟ್ಕೊಳ್ಳಿ."

"ಆಸೆ ಇತ್ತು," ಎಂದ ಅವನು, ಹಾಳೆಯನ್ನೇ ನೋಡುತ್ತ. "ಇಲ್ಲ ಅಂದ್ರೆ ಸುಳ್ಳಾಯ್ತದೆ. ಆದ್ರೆ ನೀವು ಕೂತಿರೋ ಜಾಗ ನಂಗೆ ಕೊಡಿ ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ? ನಮ್ಮ ಮನೆಯೋಳ್ಗೂ ಹೇಳಿಲ್ಲ."

ದಮಯಂತಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಒಬ್ಬರಿಗೆ ಬೇಡ, ಇನ್ನೊಬ್ಬರಿಗೆ ಬೇಕು, ಇಬ್ಬರೂ ಒಂದೇ ಗೋಡೆಯ ಆಚೆ ಈಚೆ ಕೂತು ವರ್ಷವಿಡೀ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದರು. ಶಿವಪ್ರಕಾಶ್ ಮೊದಲು ಗಾಬರಿಯಾದ. ಅವಳು ವಿಷಯ ಹೇಳಿದ ಮೇಲೆ ಅವನೂ ನಕ್ಕ, ಆದರೆ ಅವನ ಕಣ್ಣು ಒದ್ದೆಯಾಗಿತ್ತು.

ಶನಿವಾರ ಸಭೆಗೆ ಮುಂಚೆಯೇ ಅವಳು ತೀರ್ಥಪ್ರಸಾದರ ಕೋಣೆಗೆ ಹೋದಳು. ಅವರು ಒಳ್ಳೆಯ ಮನುಷ್ಯರೇ, ಆದರೆ ತಾನು ಕೊಟ್ಟದ್ದನ್ನು ಯಾರಾದರೂ ಬೇಡವೆಂದರೆ ಅವರಿಗೆ ಅರ್ಥವಾಗಲು ಸಮಯ ಬೇಕು. ತನಗೆ ಹುದ್ದೆ ಬೇಡವೆಂದು ಅವಳು ಹೇಳಿದ ಮೇಲೆ ಕೈಯಲ್ಲಿದ್ದ ಸಭೆಯ ಕಾಗದವನ್ನು ಮೇಜಿನ ಮೇಲಿಟ್ಟರು.

"ನಾವು ಇದನ್ನು ಗೌರವ ಅಂತ ಕೊಟ್ಟದ್ದು ದಮಯಂತಿ."

"ಹೌದು ಸಾರ್. ಗೌರವವೇ. ಆದರೆ ಆ ಕುರ್ಚಿಯಲ್ಲಿ ಕೂತರೆ ನಾನು ಒಂದು ಮಗುವಿಗೂ ಏನೂ ಕಲಿಸುವುದಿಲ್ಲ. ಆರೋಗ್ಯವೂ ಕೆಡ್ತಾ ಉಂಟು. ನನ್ನನ್ನು ವಾರ್ಡಿಗೆ ಬಿಡಿ."

"ಜನ ಏನು ಹೇಳ್ತಾರೆ? ಟ್ರಸ್ಟಿನವರು ಇಳಿಸಿದ್ರು ಅಂತ ಹೇಳ್ತಾರೆ."

"ನಾನೇ ಕೇಳಿ ಇಳಿದದ್ದು ಅಂತ ನಾನೇ ಸಭೆಯಲ್ಲಿ ಹೇಳ್ತೇನೆ. ಆ ಕುರ್ಚಿಗೆ ಶಿವಪ್ರಕಾಶ್ ಇದ್ದಾರೆ, ಕರೆಸಿ ಕೇಳಿ ನೋಡಿ."

ಅವರು ಶಿವಪ್ರಕಾಶನನ್ನು ಕರೆಸಿದರು. ಅವನು ಸುತ್ತಿದ ಚಾರ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಚಾರ್ಟು ಬಿಚ್ಚಿದ ಮೇಲೆ ತೀರ್ಥಪ್ರಸಾದರ ಮುಖ ನಿಧಾನವಾಗಿ ಸಡಿಲವಾಯಿತು. ಮಳೆಗಾಲದ ಭಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ಪ್ರಶ್ನೆ ಕೇಳಿದರು. ಆಮೇಲೆ ದಮಯಂತಿಯ ಕಡೆ ತಿರುಗಿ, "ಕ್ಲಿನಿಕಲ್ ವಿಭಾಗದ ಪೂರ್ತಿ ಜವಾಬ್ದಾರಿ ನಿಮ್ಮದೇ. ಅದನ್ನಾದ್ರೂ ಬೇಡ ಅನ್ನಬೇಡಿ," ಎಂದರು.

ಸಭೆಯಲ್ಲಿ ಅವಳು ನಿಂತು ಹೇಳಿದ್ದು ನಾಲ್ಕೇ ಮಾತು. ಕೆಲವರು ಅನುಮಾನದಿಂದ ನೋಡಿದರು, ಲೈಬ್ರರಿಯ ಗಾನವಿ ಪಕ್ಕದವರ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಶಿವಪ್ರಕಾಶನ ಹೆಸರು ಹೇಳಿದಾಗ ಮೊದಲು ಚಪ್ಪಾಳೆ ತಟ್ಟಿದ್ದು ದಮಯಂತಿ. ಆಮೇಲೆ ಸುದೀಪನ ಬೀಳ್ಕೊಡುಗೆ, ಡಯಾಲಿಸಿಸ್ ತಂತ್ರಜ್ಞರ ಹೊಸ ಕೋರ್ಸನ್ನು ಒಂದು ವರ್ಷ ಮುಂದೂಡುವ ತೀರ್ಮಾನ, ವ್ಯಾನಿನ ಟೈರು, ಹೀಗೆ ಸಭೆ ಉದ್ದಕ್ಕೆ ಎಳೆದುಕೊಂಡು ಹೋಯಿತು. ತನಗೆ ಸಂಬಂಧಿಸದ ವಿಷಯಗಳನ್ನು ಕೇಳುತ್ತ ಕೂರುವುದು ಇಷ್ಟು ಹಿತವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಊಟಕ್ಕೆ ಕೇಸರಿಬಾತ್ ಇತ್ತು, ಎರಡನೇ ಸಲ ಹಾಕಿಸಿಕೊಂಡಳು.

ಊರಿನಲ್ಲಿ ಮಾತು ಬರದೆ ಇರಲಿಲ್ಲ. ವಸಂತನ ಸಂಬಂಧಿ ಬೊಳ್ಳಪ್ಪ ಮನೆಗೇ ಬಂದು, ಮೇಲೆ ಹತ್ತಿದವರು ಕೆಳಗೆ ಇಳಿಯುವುದುಂಟೇ ಎಂದು ಕೇಳಿದ. ವಸಂತ ಅವನಿಗೆ ಕಾಫಿ ಕೊಟ್ಟು, ಹೂ ಬಂದಿದೆ, ನೋಡಿಕೊಂಡು ಬರುವ ಬನ್ನಿ ಎಂದು ತೋಟಕ್ಕೆ ಕರೆದುಕೊಂಡು ಹೋದ. ಅಲ್ಲಿಗೆ ಆ ಮಾತು ಮುಗಿಯಿತು.

ಮರುವಾರ ಬೆಳಿಗ್ಗೆ ದಮಯಂತಿ ವ್ಯಾನಿನಲ್ಲಿ ಮಕ್ಕಳ ಜೊತೆ ಮಡಿಕೇರಿಗೆ ಹೋದಳು. ಹೆಂಗಸರ ವಾರ್ಡಿನಲ್ಲಿ ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬರು ಇಬ್ಬರು ವಿದ್ಯಾರ್ಥಿನಿಯರಿಗೆ ಮಗ್ಗುಲು ಬದಲಿಸಲು ಬಿಡದೆ ಮಂಚದ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮಕ್ಕಳು ದಮಯಂತಿಯ ಕಡೆ ನೋಡಿದರು.

"ಇಬ್ಬರೂ ಸ್ವಲ್ಪ ಹಿಂದೆ ನಿಲ್ಲಿ," ಎಂದು ಅವಳು ಅಜ್ಜಿಯ ಪಕ್ಕದ ಸ್ಟೂಲಿನಲ್ಲಿ ಕೂತಳು. "ಅಜ್ಜಿ, ನಿಮ್ಮದು ಯಾವ ಊರು?"

ಅಜ್ಜಿ ಅನುಮಾನದಿಂದಲೇ ಊರಿನ ಹೆಸರು ಹೇಳಿದರು. ಅಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿನ ಮನೆಯವರಾ ಎಂದು ದಮಯಂತಿ ಕೇಳಿದಳು. ಅದಲ್ಲ, ಅದರ ಕೆಳಗಿನದು ಎಂದರು ಅಜ್ಜಿ. ಆ ಕೆಳಗಿನ ಮನೆಗೆ ಯಾವ ಕಡೆಯಿಂದ ದಾರಿ, ಗೇಟಿನ ಹತ್ತಿರ ಯಾವ ಮರ, ಅದರಲ್ಲಿ ಈ ಸಲ ಹಣ್ಣು ಎಷ್ಟು ಎಂದು ವಿವರಿಸುತ್ತ ಅವರು ಕಂಬಿಯಿಂದ ಕೈ ತೆಗೆದರು.